ಹಾರವಾಡದಲ್ಲಿ ಎರಡು ನಿಮಿಷ

ದಕ್ಕೆಯಲ್ಲಿ ನಾವು ಹಲಗೆ ಹಾಕುತ್ತಿದ್ದೆವು.
ಭರತಕ್ಕೆ ಬೋಟು ಮೇಲೆ, ಇಳಿತಕ್ಕೆ ಕೆಳಗೆ,
ಹಲಗೆ ಬೆಳಿಗ್ಗೆ ಏರು, ಮಧ್ಯಾಹ್ನ ಇಳಿಜಾರು.
ಅದರ ಮೇಲೆ ಬರ್ಫದ ಪೆಟ್ಟಿಗೆ, ಡೀಸೆಲ್ ಕ್ಯಾನು,
ಅಮಲಿಳಿಯದ ತಾಂಡೇಲ,
ಎಲ್ಲರೂ ಹತ್ತಿದರು, ಎಲ್ಲರೂ ಇಳಿದರು.
ಹಲಗೆ ಹಾಕಿದವನಿಗೆ ಯಾರೂ
ಪುಣ್ಯ ಬರಲಿ ಎಂದದ್ದಿಲ್ಲ.

ಸಮುದ್ರಕ್ಕೆ ಗಂಟೆಗೊಂದು ಎತ್ತರ.
ರೈಲಿನದು ಹಾಗಲ್ಲ.
ಹಳಿ ಅಲ್ಲೇ, ಪ್ಲಾಟ್‌ಫಾರ್ಮು ಅಲ್ಲೇ,
ನಡುವೆ, ಕೂತ ನನ್ನ ಎದೆಮಟ್ಟದ ಗಾಳಿ,
ಹಳಿ ಹಾಕಿದ ದಿನದಿಂದ ಅದೇ ಅಳತೆ.

ವಿಂಚಿನ ಹಗ್ಗ ಹರಿದು ಬೆನ್ನಿಗೆ ಬಡಿದ ಮೇಲೆ
ಬಲೆ ಹೆಣೆಯುತ್ತೇನೆ.
ನೂಲಿಗೆ ಕುಮಟೆಗೆ ನಾನೇ ಹೋಗಬೇಕು;
ಫೋನಿನಲ್ಲಿ ಹಸಿರು ಎಂದರೆ ನೀಲಿ ಕಳಿಸುತ್ತಾರೆ.

ಗಾಲಿಕುರ್ಚಿಯ ಚಿತ್ರ ಬರೆದ ಡಬ್ಬಿ
ಗಾಡಿಯ ಕಟ್ಟಕಡೆಗೆ,
ಪ್ಲಾಟ್‌ಫಾರ್ಮು ಮುಗಿದು ಜಲ್ಲಿ ಶುರುವಾದಲ್ಲಿ ನಿಲ್ಲುತ್ತದೆ.
ಅಗಲ ಬಾಗಿಲಂತೆ, ಸಂಡಾಸಿನಲ್ಲಿ ಹಿಡಿಕೆಯಂತೆ.
ಕಾಲಿದ್ದವರು ನೋಡಿ ಬಂದು ಹೇಳಿದ್ದು.

ನನ್ನನ್ನು ನಡುವಿನ ಡಬ್ಬಿಗೆ ಎತ್ತುತ್ತಾರೆ.
ಒಬ್ಬ ಕಂಕುಳಿಗೆ, ಇಬ್ಬರು ತೊಡೆಗೆ,
ದೊಡ್ಡ ಇಸ್ವಣ ಇಳಿಸಿದ ಹಾಗೆ;
ಕುರ್ಚಿ ಹಿಂದಿನಿಂದ, ಕೆಲವೊಮ್ಮೆ ಮುಂದಿನ ಗಾಡಿಗೆ.
ಲುಂಗಿ ಸರಿದರೆ
ಸರಿಮಾಡಿಕೊಳ್ಳಲು ಕೈ ಖಾಲಿ ಇರುವುದಿಲ್ಲ,
ಒಂದು ಯಾರದೋ ಹೆಗಲ ಮೇಲೆ,
ಒಂದು ಯಾರದೋ ಕುತ್ತಿಗೆಗೆ.
ಆಮೇಲೆ ಎಲ್ಲರಿಗೂ ಥ್ಯಾಂಕ್ಸ್ ಹೇಳಬೇಕು.

ಇವತ್ತು ಉಮಾಕಾಂತ ಹರಿಕಂತ್ರ
ಬೋಟಿನಿಂದ ಎರಡು ಹಲಗೆ ಹೊತ್ತು ತಂದ,
ಗಾಲಿಗೊಂದರಂತೆ, ಹಳಿಯ ಹಾಗೇ ಜೋಡಿ.
ಸ್ಟೇಷನ್ ಮಾಸ್ತರ ಬಾಯಿ ತೆರೆದು,
ಏನೋ ನೆನೆದು, ಮುಚ್ಚಿ,
ಗಾರ್ಡಿಗೆ ಫೋನು ಮಾಡಿದರು:
ನಾಲ್ಕು ಮಾರು ಮುಂದೆ ನಿಲ್ಲಿಸಿ.

ಹಲಗೆಗಂಟಿದ ಬಂಗುಡೆಯ ಹುರುಪೆ ಬಿಸಿಲಿಗೆ ಮಿಂಚಿತು.
ಬಾಗಿಲಲ್ಲಿದ್ದವರು ಮೂಗು ಹಿಡಿದರು,
ಹಿಡಿದುಕೊಂಡೇ ದಾರಿ ಬಿಟ್ಟರು.
ಹಿಂದೆ ಉಮಾಕಾಂತನ ಎದೆ, ಗಾಲಿಗೆ ನನ್ನದೇ ಕೈ.
ಹತ್ತಿದೆ.
ಇನ್ನೂ ಅರ್ಧ ನಿಮಿಷ ಉಳಿದಿತ್ತು.

ಟೀಸಿ ಕೇಳಿದ: ಆ ಹಲಗೆಗೆ ಲಗೇಜು ಚೀಟಿ?
ಹಲಗೆ ಬರೂದಿಲ್ರಾ ಸಾಹೇಬ್ರೆ, ನಾನೊಬ್ನೇ.
ಡಬ್ಬಿಯೆಲ್ಲ ನಕ್ಕಿತು, ನಾನು ಎಲ್ಲರಿಗಿಂತ ಜೋರು,
ಅಂಕೋಲೆ ದಾಟುವ ತನಕ ನಕ್ಕೆ.

ಗಂಗಾವಳಿಯ ಸೇತುವೆಯ ಮೇಲೆ
ಕೆಳಗೊಂದು ದೋಣಿ ದಡಕ್ಕೆ ಬರುತ್ತಿತ್ತು.
ಆಗ ಹೊಳೆಯಿತು.
ಹಲಗೆ ಹಾರವಾಡದಲ್ಲಿ.
ಇಳಿಯುವುದು ಕುಮಟೆಯಲ್ಲಿ.

ಕುಮಟೆ ಬಂತು.
ಬಾಗಿಲಿಗೆ ಹೋಗಿ ನಿಂತೆ.
ನಿಲ್ಲುವುದೆಂದರೆ ನನಗೆ ಬ್ರೇಕು ಹಾಕುವುದು.
ಕೆಳಗೆ ಪೂರಾ ಇಳಿತ.
ಚಾದ ಕಿಟ್ಲಿ, ಅಬ್ಬಲಿಗೆ ಬುಟ್ಟಿ, ಕಾಲೇಜು ಚೀಲಗಳು.
ಒಬ್ಬ ಹುಡುಗ ಆಗಲೇ ತೋಳು ಮಡಚುತ್ತ
ಓಡಿ ಬರುತ್ತಿದ್ದ.
ತಡಿಯಾ ತಮ್ಮಾ, ಎಂದೆ,
ಮೊದಲು ಲುಂಗಿ ಕಟ್ಟಿಕೊಳ್ಳುತ್ತೇನೆ.