ಉಲ್ಟಾ, ಸೀದಾ

ಮೊದಲು ಹೋದದ್ದು ನೀಲಿಯ ಮೇಲಿನ ನೀಲಿ ದಾರ.
ಆಮೇಲೆ ಸಂಜೆ.
ಕೌಲ್ ಬಜಾರಿನ ಓಣಿಯಲ್ಲಿ ಎಲ್ಲರಿಗೂ ಏಳಕ್ಕೆ ಕತ್ತಲಾದರೆ
ನನಗೆ ಆರಕ್ಕೇ.
ಹಳದಿ ದಾರ ಮಾತ್ರ ಬಹಳ ದಿನ ಇತ್ತು,
ಜೀನ್ಸಿನ ತೊಡೆಯುದ್ದಕ್ಕೂ ಎರಡೆರಡು ಸಾಲು,
ನಿಯತ್ತಿನ ಆಳಿನ ಹಾಗೆ.
ಅದೂ ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟಿತು.

ದೊಡ್ಡಾಸ್ಪತ್ರೆಯಲ್ಲಿ ಮೊದಲ ಸಲ ಬರೆದುಕೊಟ್ಟದ್ದು ಮೂವತ್ತು.
"ನಲವತ್ತಾದ್ರೆ ಕಾರ್ಡು ಆಗ್ತದಮ್ಮ" ಅಂದ ಗುಮಾಸ್ತ.
ಇನ್ನು ಹತ್ತು ಕಳಕೊಂಡು ಬಾ ಅಂತ ಅವನು ಅನ್ನಲಿಲ್ಲ,
ನಾನೇ ಅರ್ಥ ಮಾಡಿಕೊಂಡೆ.
ಕಳಕೊಂಡು ಹೋದೆ. ಮೂರು ವರ್ಷ ಹಿಡಿಯಿತು.
ಎರಡನೇ ಸಲ ನೂರಕ್ಕೆ ನೂರು.
ಐದಕ್ಕೆ ಶಾಲೆ ಬಿಟ್ಟವಳಿಗೆ
ಅಷ್ಟು ಅಂಕ ಯಾರೂ ಕೊಟ್ಟಿರಲಿಲ್ಲ.

ಮಿಲ್ಲರ್ ಪೇಟೆಯಲ್ಲಿ, ಹತ್ತಿ ಗೋದಾಮಿನ ಮಾಳಿಗೆ ಮೇಲೆ
ಮಂಗಳವಾರ ಶುಕ್ರವಾರ ಕ್ಲಾಸು.
ಕುರುಗೋಡಿನಿಂದ ಬರುವ ಗಾದಿಲಿಂಗಪ್ಪ ಮೇಷ್ಟ್ರು
ಹುಟ್ಟಿನಿಂದ ಕಾಣದವರು.
ಮೆಟ್ಟಿಲು ಹದಿನೇಳು, ಹನ್ನೊಂದನೆಯದು ಮುಕ್ಕಾಗಿದೆ:
ಇದು ಮೊದಲ ಪಾಠ.
ಎರಡನೆಯದು ಕೋಲು. "ಸುಮ್ನೆ ಹೊತಗೊಂಡು ತಿರುಗಬ್ಯಾಡ್ರಿ,
ಅದು ಹೇಳೋದು ಕೇಳ್ರಿ."
ಮೂರನೆಯದು ಆರು ಚುಕ್ಕಿ.

ಚುಕ್ಕಿ ಅಂದರೆ ನನಗೆ ಹೊಸದೇ?
ಜೇಬಿನ ಮೂಲೆಗೆ ರಿವೆಟ್ ಬಡಿದವಳು ನಾನು,
ದಿನಕ್ಕೆ ಆರುನೂರು.
ಎಡಗಡೆ ಮೂರು, ಮೇಲಿಂದ ಕೆಳಗೆ: ಲ.
ನನ್ನ ಹೆಸರಿನ ಲ. ಲೀಲಾಬಾಯಿ.
ಮೊಳೆ ಒತ್ತಿ ಹಾಳೆ ಕೊಟ್ಟೆ.
ಮೇಷ್ಟ್ರು ಬೆರಳಾಡಿಸಿ ನಕ್ಕರು:
"ಇದು ಳ ಆತಲ್ರೀ ಅಮ್ಮ."

ಹಿಂದಿನಿಂದ ಒತ್ತಬೇಕಂತೆ, ಬಲದಿಂದ ಎಡಕ್ಕೆ.
ಹಾಳೆ ತಿರುವಿದರೆ ಅಕ್ಷರ ಎದ್ದು ನಿಂತಿರುತ್ತದೆ, ಎಡದಿಂದ ಬಲಕ್ಕೆ.
ಪಾಲಿಟೆಕ್ನಿಕ್ ಬಿಟ್ಟು ಬಂದ ಇನಾಯತ್
ಇದರ ಮೇಲೆ ಎರಡು ವಾರ ಜಗಳಾಡಿದ.
ನನಗೆ ಒಂದೇ ಕ್ಷಣ.
ಇದು ಉಲ್ಟಾ, ಇದು ಸೀದಾ.
ಪ್ಯಾಂಟನ್ನು ಯಾರಪ್ಪ ಸೀದಾ ಮಗ್ಗುಲಲ್ಲಿ ಹೊಲೀತಾರೆ?
ಒಳಗಿನಿಂದ ಹೊಲಿದು, ಮೊಣಕೈತನಕ ತೋಳು ತೂರಿಸಿ
ಎಳೆದು ತಿರುವಿ ಕೊಡವಿದರಾಯಿತು.

ಪಿಂಚಣಿ ತೆಗೆಯಲು ಬ್ಯಾಂಕಿಗೆ ಹೋದ ದಿನ
ಕೌಂಟರಿನವನು ಮಾತಾಡಿದ್ದು ಜೊತೆಗಿದ್ದ ತಂಗಿಮಗಳೊಂದಿಗೆ:
"ಇವರಿಗೆ ಹೆಬ್ಬೆಟ್ಟು ಒತ್ತೋಕೆ ಹೇಳಿ."
ಇವರು ಅಂದರೆ ನಾನು.
ಇಂಕಿನ ಡಬ್ಬಿ ಮೇಜಿನ ಮೇಲೆ ಜಾರಿ ಬಂದ ಸದ್ದು.
ಅಪ್ಪ ನನ್ನನ್ನು ಐದರವರೆಗೆ ಓದಿಸಿದ್ದೇ
ಆ ಡಬ್ಬಿಯಿಂದ ದೂರ ಇಡಲು.
ವಾಪಸ್ ಬಂದೆ.

ಮೇಷ್ಟ್ರ ಹತ್ತಿರ ಒಂದು ರಟ್ಟಿನ ತುಂಡು, ನಡುವೆ ಕಿಂಡಿ.
ಕಿಂಡಿಯೊಳಗೆ ಪೆನ್ನಾಡಿಸಿದರೆ ಸಹಿ ಸಾಲು ಬಿಟ್ಟು ಹೋಗದು.
ಬಳ್ಳಾರಿಯ ಏಪ್ರಿಲ್ಲು, ಬೆವರಿಗೆ ರಟ್ಟು ಮೆತ್ತಗಾಗಿತ್ತು.
ರಿಜೆಕ್ಟ್ ಆದ ಜೀನ್ಸಿನ ಸೊಂಟದಿಂದ
ಚರ್ಮದ ಪಟ್ಟಿ ಬಿಚ್ಚಿದೆ,
ಬ್ಲೇಡಿನಲ್ಲಿ ಬೆರಳಗಲ ಕಿಂಡಿ ಕೊರೆದೆ.
ಮೇಷ್ಟ್ರು ಮೂಸಿ, ಮಡಚಿ, ಕಚ್ಚಿ ನೋಡಿ
"ಇಂಥಾವು ಹನ್ನೆರಡು ಬೇಕು" ಅಂದರು, "ಪುಕ್ಕಟೆ ಬ್ಯಾಡ."
ಪಟ್ಟಿಯ ಮೇಲೆ ಉಬ್ಬಿದ ಇಂಗ್ಲಿಷು, ಯಾವುದೋ ದೇಶದ ಕಂಪನಿ.
ಇಪ್ಪತ್ತೆರಡು ವರ್ಷ ಹೊಲಿದೆ, ಏನು ಬರೆದಿದೆಯೋ ಗೊತ್ತಿಲ್ಲ.
ಮೇಷ್ಟ್ರಿಗೂ ತಿಳಿಯಲಿಲ್ಲ.
ಇಬ್ಬರೂ ಸವರಿ ಸವರಿ ಕೈಬಿಟ್ಟೆವು.

ಸೋಮವಾರ ಒಬ್ಬಳೇ ಹೋದೆ.
ಕೆಳಸೇತುವೆಯಲ್ಲಿ, ತಲೆ ಮೇಲೆ ಅದಿರಿನ ಗಾಡಿ ಹೋಗುವಷ್ಟು ಹೊತ್ತು
ಕೋಲಿನ ಮಾತು ಕೇಳಿಸಲಿಲ್ಲ.
ಗೋಡೆ ಹಿಡಿದು ನಿಂತೆ. ಡಬ್ಬಿ ಎಣಿಸಿದೆ. ಐವತ್ತೆಂಟು.

"ಸಹಿ ಎಲ್ಲಿ ಬರ್ಬೇಕು ಅಲ್ಲಿಗೆ ಈ ಪಟ್ಟಿ ಇಡ್ರಿ" ಅಂದೆ.
ಇಟ್ಟ.
ಮಾಡಿದೆ.
ಅವನು ಬಹಳ ಹೊತ್ತು ಕೀಲಿ ಕುಟ್ಟಿದ.
"ಹಳೇ ಸಹಿಗೆ ತಾಳೆ ಆಗ್ತಿಲ್ಲಮ್ಮ.
ಅದು ವಾರೆ ಐತೆ, ಇದು ನೆಟ್ಟಗೈತೆ."

"ಅದು ಕಣ್ಣಿದ್ದಾಗಿಂದು ಸಾರ್,
ತೆಗೆದು ಇದನ್ನ ಇಟ್ಕೊಳ್ರಿ."