ಎರಡನೆಯ ಚೌಕ

ಬೀರುವಿನ ತಳದಲ್ಲಿ, ಆಲ್ಬಮ್ಮುಗಳ ಖಾಲಿ ರಟ್ಟಿನ ಕೆಳಗೆ
ಸಿಕ್ಕಿತು ಯಾಶಿಕಾ.
ಚರ್ಮದ ಚೀಲ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು.
ಜೊತೆಗೆ ಒಂದೇ ಒಂದು ರೀಲು;
ಡಬ್ಬಿಯ ಮೇಲಿನ ತಾರೀಖು ತೀರಿ ಹದಿನಾಲ್ಕು ವರ್ಷ.

ಹದಿನಾಲ್ಕು ವರ್ಷ ನಾನೇನು ಸುಮ್ಮನಿದ್ದೆನೆ?
ನಾಲ್ಕು ಹಾರ್ಡ್‌ಡಿಸ್ಕು. ಒಂದೊಂದು ಧಾರೆಗೆ ಮೂರು ಸಾವಿರ.
ಅಕ್ಷತೆಯ ಕಾಳುಕಾಳೂ ನನ್ನ ಹತ್ತಿರ ಇದೆ,
ಮದುಮಗಳ ಹೆಸರು ಮಾತ್ರ ಕೇಳಬೇಡಿ.

ಶಿಡ್ಲಘಟ್ಟದಲ್ಲಿ ರೀಲು ಅಂದರೆ ಬೇರೆಯೇ:
ಗೂಡು ಬೇಯಿಸಿ ನೂಲು ತೆಗೆಯುವುದು.
ರೀಲರ್ ಅಂದರೆ ಷಫೀವುಲ್ಲಾ,
ಮಾರುಕಟ್ಟೆಯಲ್ಲಿ ಗೂಡೊಂದನ್ನು ಕಿವಿಯ ಹತ್ತಿರ ಕುಲುಕಿ
ಒಳಗಿನ ಸದ್ದು ಕೇಳಿ ದರ ಹೇಳುವವನು.
ಅವನ ಕೈಗೆ ಡಬ್ಬಿ ಕೊಟ್ಟೆ. ಕುಲುಕಿದ. ಕೇಳಿದ.
"ಹುಳ ಸತ್ತೈತೆ ಪಿಳ್ಳಣ್ಣ."
ನಕ್ಕೆವು. ಆದರೂ ತುಂಬಿದೆ.

ಬೆರಳಿಗೆ ಎಲ್ಲ ನೆನಪಿತ್ತು; ನನಗೆ ಅಷ್ಟಿರಲಿಲ್ಲ.
ಮೊದಲ ಕ್ಲಿಕ್ಕು ಲೆಕ್ಕಕ್ಕಿಲ್ಲವೆಂದು
ನೆಲದ ಕಡೆ ಹಿಡಿದು ಒತ್ತಿದೆ.
ಆಮೇಲೆ ಶುರುವಾಯಿತು ಜಿಪುಣತನ.
ಗೋಡೆಗೊರಗಿಸಿ ಒಣಹಾಕಿದ ಚಂದ್ರಂಕಿಗಳ ಮೇಲೆ
ನೆರಳು ಒಂದು ಗೇಣು ಇಳಿಯಲೆಂದು
ಎರಡು ಟೀ ಕುಡಿದೆ.
ಸೊಪ್ಪಿನ ಮೂಟೆಯ ಮೇಲೆ ಮಲಗಿದ್ದ ಹುಡುಗ
ಮಗ್ಗುಲಾಗುವ ತನಕ ಉಸಿರು ಹಿಡಿದೆ.
ಬಿಸಿನೀರಿನ ಬಾಣಲೆಯ ಮುಂದೆ ಮುನಿಲಕ್ಷ್ಮಮ್ಮ,
ನೆನೆನೆನೆದು ಬಿಳಿಚಿ ನಿರಿಗೆಗಟ್ಟಿದ ಬೆರಳು,
ಕಂಡೂ ಕಾಣದ ಒಂದೆಳೆ;
ಆವಿ ಸರಿಯಲೆಂದು ಅರ್ಧ ಗಂಟೆ ಕಾದೆ.
ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತಳು,
"ಎಲ್ಲಿ, ಹೆಂಗ್ ಬಂದೈತೆ ತೋರ್ಸು."
ಕ್ಯಾಮೆರಾದ ಹಿಂಬದಿಯಲ್ಲಿ ಕರಿ ಮುಚ್ಚಳ.
ಅದನ್ನೇ ನೋಡಿ ಹೋದಳು.

ನಾಲ್ಕು ದಿನ ಹಿಡಿಯಿತು ಮೂವತ್ತಾರಕ್ಕೆ.
ಮೂವತ್ತೇಳೂ ಬಂತು. ಲಾಭ, ಅಂದುಕೊಂಡೆ.
ಮೂವತ್ತೆಂಟು. ಮೂವತ್ತೊಂಬತ್ತು.
ನಲವತ್ತಕ್ಕೆ ಹೆಬ್ಬೆರಳು ತಣ್ಣಗಾಯಿತು.

ರಾತ್ರಿ ಬಚ್ಚಲು. ಬಾಗಿಲ ಸಂದಿಗೆ ಟವೆಲು.
ಹೊರಗಿನಿಂದ ಮಗಳು: "ಅಪ್ಪಾ, ಉಪ್ಪಿನಕಾಯಿ ಕೆಟ್ಟೋಯ್ತಾ?"
ಹೈಪೋದಿಂದ ಎತ್ತಿ ಬಲ್ಬಿಗೆ ಹಿಡಿದರೆ
ಮಾರುದ್ದ ಖಾಲಿ, ಮಂಜು ಕವಿದ ಗಾಜಿನ ಹಾಗೆ.
ತುದಿಯಲ್ಲಿ ಮೊದಲ ಚೌಕ:
ನನ್ನ ಎಡಗಾಲು, ಉಂಗುಷ್ಠ ಕಿತ್ತ ಚಪ್ಪಲಿ,
ಹೊಸ್ತಿಲ ರಂಗೋಲಿ ಕರ್‍ರಗೆ.
ಎರಡನೆಯದು ಬರೀ ಕಪ್ಪು.

ಮುದಿ ಫಿಲ್ಮು. ಅಂಚಿನ ತೂತುಗಳು ಹರಿದು
ಅಲ್ಲೇ ನಿಂತುಬಿಟ್ಟಿತ್ತು.
ನಾನು ತಿರುವಿದ್ದು ಗಾಳಿಯನ್ನು.
ಬೆಳಕು ಅತಿಯಾದರೆ ನೆಗೆಟಿವ್ ಕಪ್ಪಾಗುತ್ತದೆ,
ಇದು ಅಂಗಡಿಯಲ್ಲಿ ಕಸ ಗುಡಿಸುವ ಹುಡುಗನಿಗೂ ಗೊತ್ತು.
ಆ ಹುಡುಗ ಒಂದು ಕಾಲದಲ್ಲಿ ನಾನೇ.

ಷಫೀವುಲ್ಲಾ ಬಿಸಿಲಿಗೆ ಹಿಡಿದು ನೋಡಿದ.
"ಜೋಡಿಗೂಡು ಇದು. ಎರಡು ಹುಳ ಸೇರಿ ಒಂದೇ ಕಟ್ತಾವೆ,
ಎಳೆ ಬಿಡಿಸಕ್ಕಾಗಲ್ಲ.
ಬಿಸಾಡಲ್ಲ ನಾವು. ಬೇರೆ ಬುಟ್ಟಿಗೆ ಹಾಕ್ತೀವಿ."
ಎರಡಲ್ಲ ಸಾಬರೇ, ಮೂವತ್ತೊಂಬತ್ತು.

ಹೊಸ ರೀಲು ತರಿಸಿದ್ದೇನೆ; ಬೆಲೆ ಮನೆಯಲ್ಲಿ ಹೇಳಿಲ್ಲ.
ಎಡಗಡೆಯ ತಿರುಪಿಗೆ ಸುಣ್ಣದ ಒಂದು ಚುಕ್ಕೆ ಇಟ್ಟಿದ್ದೇನೆ,
ತಿರುವಿದಾಗಲೆಲ್ಲ ಅದೂ ತಿರುಗಿತೇ ಎಂದು ನೋಡುತ್ತೇನೆ.
ಮದುವೆಗಳಿಗೆ ಹಳೆಯ ಹಾಗೆಯೇ ಮೂರು ಸಾವಿರ.

ಮೊನ್ನೆ ಮುನಿಲಕ್ಷ್ಮಮ್ಮ ಅಡ್ಡಗಟ್ಟಿ ಕೇಳಿದಳು,
"ನಂದು ಎಲ್ಲಣ್ಣ?"
ಜೇಬಿನಿಂದ ಕಪ್ಪು ತುಂಡು ತೆಗೆದು ಕೊಟ್ಟೆ.
ಇದರೊಳಗೇ ಇದ್ದೀಯ, ಅಂದೆ.
ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು
ಅಂಚು ಮಾತ್ರ ಹಿಡಿದು
ಸೂರ್ಯನಿಗೆ ಎತ್ತಿ, ಒಂದು ಕಣ್ಣು ಮುಚ್ಚಿ
ಬಹಳ ಹೊತ್ತು ನೋಡಿದಳು.
"ಅವತ್ತು ಆವಿ ಜಾಸ್ತಿಯಾಗೋಯ್ತು," ಅಂದಳು,
"ಬಾ ಇನ್ನೊಂದಪ."