ಹಳದಿ ಚಾಕ್‌ಪೀಸು

ಕಾಯಲಿ ಮೊದಲು, ಮುಟ್ಟಬೇಡ ಅಂದ ಖಾದರಲಿಂಗ.
ಬಳ್ಳಾರಿಯ ಮೇ ತಿಂಗಳಲ್ಲಿ, ತಗಡಿನ ಕೆಳಗೆ,
ಇನ್ನೂ ಕಾಯಬೇಕಾದದ್ದು ಏನಿದೆ ಎಂದು ನಕ್ಕೆ.
ಅವನು ನಗಲಿಲ್ಲ. ಹಿಂದಿನ ಹಲಗೆ ಬಿಚ್ಚಿದ್ದ.
ನಾಲ್ಕು ಗಾಜಿನ ಬುರುಡೆ, ಒಳಗೆ
ಊದುಬತ್ತಿಯ ತುದಿಯಷ್ಟೇ ಕೆಂಪು.

ಕೌಲ್ ಬಜಾರಿನ ಆ ಅಂಗಡಿಗೆ ಬೋರ್ಡಿಲ್ಲ.
ವಾಲ್ವ್ ರೇಡಿಯೊಗಳು ಸತ್ತು ಎಷ್ಟೋ ಕಾಲ,
ಅವುಗಳ ಕರುಳೆಲ್ಲ ಬಿಸ್ಕತ್ತಿನ ಡಬ್ಬಿಗಳಲ್ಲಿ ಬದುಕಿದೆ.
ನನ್ನ ಆಂಪ್ಲಿಫೈಯರು ರೈಲ್ವೆಯವರ ಗುಜರಿಯಿಂದ ಬಂದದ್ದು.
ಸಂದುಗೊಂದಿಯಲ್ಲೆಲ್ಲ ಅದಿರಿನ ಧೂಳು,
ತಿರುಪುಗಳ ಸುತ್ತಲಿನ ಅಂಕಿಗಳು
ಯಾರದೋ ಬೆರಳಿಗೆ ಅಂಟಿಕೊಂಡು ಹೋಗಿವೆ.

ಹಗಲು ನಾನು ಜೀನ್ಸ್ ಹೊಲಿಯುತ್ತೇನೆ.
ಅರವತ್ತು ಮೆಷಿನ್ನುಗಳ ನಡುವೆ
ದಾರ ಬೇಕಂದರೂ ಕಿರುಚಬೇಕು, ನೀರು ಬೇಕಂದರೂ.
ಅಡುಗೆಮನೆಯಲ್ಲೂ ಕಿರುಚುತ್ತೇನಂತೆ.
"ಸಲೋಮಿ, ಮೆಷಿನ್ ಬಂದಾಗೈತೆ" ಅಂತಾಳೆ ಅತ್ತಿಗೆ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಗಿಟಾರು.
ನನಗೆ ಬೇಕಾದದ್ದು ಅಂಚು ಹರಿದ ದನಿ,
ಹೊಲಿಗೆ ಬಿಚ್ಚಿದಲ್ಲಿ ದಾರ ನೇತಾಡಿದ ಹಾಗೆ.
ಅದಕ್ಕೆಂದು ಎಲ್ಲವನ್ನೂ ಪೂರ್ತಿ ತಿರುಗಿಸಿದ್ದೆ.
ಪಕ್ಕದ ಮನೆಯ ಕೂಸು ಎದ್ದಿತು, ನಾಯಿ ಎದ್ದಿತು,
ಪಾಸ್ಟರು ಎದ್ದು ಬಂದರು.

"ಎರಡು ತಿರುಪು ಐತೆ ತಾಯಿ. ಎರಡೂ ಒಂದೇ ಅಂದ್ಕೊಂಡೀಯ.
ಮೇಲ್ದಂಡೆ ಕಾಲುವೆ ನೋಡೀಯಲ್ಲ?
ಮೇಲೆ ಗೇಟು ಪೂರ್ತಿ ಎತ್ತು,
ಕೆಳಗೆ ತೂಬನ್ನ ನಾಕೇ ಬೆರಳು ಬಿಡು.
ನೀರು ಒಳಗೇ ತಿರುಗ್ತೈತೆ, ನೊರೆ ಕಾರ್ತೈತೆ, ಕೆಂಪಾಗ್ತೈತೆ.
ಹೊರಗೆ ಬರೋದು ಒಂದು ಬೊಗಸೆ.
ಆ ಬೊಗಸೆಯೊಳಗೆ ಇಡೀ ಜಗಳ ಇರ್ತೈತೆ."

ಮೊದಲ ತಿರುಪನ್ನು ಹತ್ತು ಇದ್ದಿರಬಹುದಾದ ಜಾಗಕ್ಕೆ ಒಯ್ದ.
ಕೊನೆಯದನ್ನು ಒಂದೂವರೆಗೆ ಇಳಿಸಿದ.
ತಂತಿ ಮೀಟಿದೆ.
ಹಲ್ಲು ಕಚ್ಚಿ ಮಾತಾಡುವ ಹೆಂಗಸೊಬ್ಬಳು
ಪೆಟ್ಟಿಗೆಯೊಳಗಿದ್ದಳು. ಹೊರಗೆ
ಒಗ್ಗರಣೆ ಮಿರ್ಚಿಯವನ ಜಾಲರಿಯ ಸದ್ದು
ಅವಳಿಗಿಂತ ಜೋರಿತ್ತು.

ಈಗ ಉಲ್ಟಾ, ಅಂದ. ಮೊದಲಿನದು ಕೆಳಗೆ, ಕೊನೆಯದು ಮೇಲೆ.
ದನಿ ಅಗಲವಾಯಿತು, ಹುಣಸೆಹಣ್ಣಲ್ಲಿ ತಿಕ್ಕಿಟ್ಟ ಚೆಂಬು.
ದೊಡ್ಡದು, ಎಲ್ಲೂ ಗೀರಿಲ್ಲ.
ನನಗೆ ಅದು ಬೇಡವಾಗಿತ್ತು. ಆದರೂ
ನಿಲ್ಲಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಅವನ ಎಡಗಿವಿ ಕೇಳುವುದಿಲ್ಲ, ಬಲಗಿವಿ ಅರ್ಧ.
ಮರದ ಮೇಲೆ ಅಂಗೈ ಊರಿ ಕೇಳುತ್ತಾನೆ,
ಜ್ವರದ ಕೂಸಿನ ಬೆನ್ನು ನೋಡುವಂತೆ.
"ಇಲ್ಲಿ ಮುಳ್ಳೈತೆ. ಹಾಂ, ಇಲ್ಲಿ ಬೆಣ್ಣೆ."
ಕೂದಲೆಳೆಯಷ್ಟು ತಿರುಗಿಸುತ್ತಾನೆ, ವಾಪಸು ತರುತ್ತಾನೆ.

ಏಳಕ್ಕೆ ಊರಿನ ಕೂಲರುಗಳೆಲ್ಲ ಒಟ್ಟಿಗೆ ಶುರು.
ವೋಲ್ಟೇಜು ಕುಸಿಯಿತು. ಬಲ್ಬು ಮಂಕಾಯಿತು,
ಬುರುಡೆಯ ಕೆಂಪೂ ಕಂದಿತು. ನುಡಿಸುತ್ತಲೇ ಇದ್ದೆ.
ಪ್ರತಿ ಪೆಟ್ಟಿಗೂ ದನಿ ಒಮ್ಮೆ ಮಂಡಿಯೂರಿ
ಮತ್ತೆ ಏಳುತ್ತಿತ್ತು, ಅವಸರವಿಲ್ಲದೆ.
"ಇದನ್ನ ನಾ ಕೊಡಾಕಾಗಲ್ಲ" ಅಂದ,
"ಇದು ಕರೆಂಟಿನವರು ಕೊಡೋದು. ಪುಕ್ಕಟೆ."

ಇನ್ನೊಂದು ತಿರುಪು ಉಳಿದಿತ್ತು, ಗಿಟಾರಿನ ಮೈಮೇಲೇ,
ಕಿರುಬೆರಳಿಗೆ ಸಿಗುವಲ್ಲಿ. ಇಷ್ಟು ವರ್ಷ
ಅದನ್ನು ತುಂಬಿಸಿಯೇ ಇಟ್ಟಿದ್ದೆ.
ಪೆಟ್ಟಿಗೆಯಲ್ಲಿ ಏನನ್ನೂ ಮುಟ್ಟದೆ
ಅದೊಂದನ್ನು ಅರ್ಧಕ್ಕೆ ತಂದೆ.
ಹಲ್ಲು ಕಚ್ಚಿದ್ದವಳು ಬಾಯಿ ತೆರೆದಳು.
ಅಷ್ಟು ಹೊತ್ತು ಆಕೆ ಹೇಳುತ್ತಿದ್ದದ್ದು ಏನೆಂದು
ಆಗ ಕೇಳಿಸಿತು.
ತುಸು ಮಬ್ಬಾಗಿತ್ತು, ನಿಜ. ಕಡಲೆಬೇಳೆಯಷ್ಟು
ಕೆಪಾಸಿಟರು ಬೆಸೆದರೆ ಸರಿಹೋಗ್ತೈತೆ, ಬುಧವಾರ ಬಾ ಅಂದ.

ಹೊರಡುವಾಗ ಅಂಕಿಯಿಲ್ಲದ ಫಲಕ ನೋಡಿ
ಜೇಬಿನಿಂದ ಚಾಕ್‌ಪೀಸು ತೆಗೆದೆ,
ಸೊಂಟಪಟ್ಟಿಗೆ ಅಳತೆ ಹಾಕುವ ಹಳದಿ ಚಾಕ್‌ಪೀಸು.
ಮೊದಲ ತಿರುಪಿಗೊಂದು ಗೀರು, ಕೊನೆಯದಕ್ಕೊಂದು.
ಆಟೋದಲ್ಲಿ ಪೆಟ್ಟಿಗೆಯನ್ನು ತಬ್ಬಿ ಕೂತಿದ್ದೆ.
ಮೋಕಾ ರಸ್ತೆ ಬರುವಷ್ಟರಲ್ಲಿ
ಬೆವರಿಗೆ ಎರಡೂ ಅಳಿಸಿದ್ದವು.

ಮನೆಯಲ್ಲಿ ಅತ್ತಿಗೆ ಏನೋ ಕೇಳಿದಳು.
ಉತ್ತರ ಕೊಟ್ಟೆ.
"ಏನಂದೆ?" ಅಂದಳು,
ಒಲೆ ಆರಿಸಿ, ಹತ್ತಿರ ಬಂದು.